ಅಡುಗೆಮನೆಯವರೆಗೂ ಬಂದ ಸೇನೆ

1964ರ ಮೊದಲ ತಿಂಗಳುಗಳಲ್ಲಿ ಬೀಜಿಂಗ್‌ನ ಯೋಜನಾ ಆಯೋಗದವರು ದೇಶದ ಮೂರನೆಯ ಪಂಚವಾರ್ಷಿಕ ಯೋಜನೆಯ ಕರಡನ್ನು ಸಿದ್ಧಪಡಿಸುತ್ತಿದ್ದರು. ಕೃಷಿ, ಕೈಗಾರಿಕೆಗಳನ್ನು ಒಮ್ಮೆಲೇ ಬೆಳೆಸಿಬಿಡುತ್ತೇವೆಂದು ಹೊರಟ 'ಮಹಾ ಜಿಗಿತ'ದ ಹೆಸರಿನಲ್ಲಿ ನಡೆದ ಅನಾಹುತ ತಂದಿಟ್ಟ ಕ್ಷಾಮ ಆಗಷ್ಟೇ ಇಳಿದಿತ್ತು. ಕೋಟ್ಯಂತರ ಜನ ಹಸಿವಿನಿಂದ ಸತ್ತು ಎರಡು ಮೂರು ವರ್ಷ ಕಳೆದಿತ್ತಷ್ಟೆ. ಹೀಗಾಗಿ ಜನರ ಊಟ, ಬಟ್ಟೆ ಮತ್ತು ದಿನಬಳಕೆಯ ಸಾಮಾನುಗಳಿಗೆ ಈ ಯೋಜನೆಯಲ್ಲಿ ಮೊದಲ ಸ್ಥಾನ ಸಿಗಬೇಕು ಎಂದು ಆ ಅಧಿಕಾರಿಗಳು ಬರೆದರು. ಅದು ವಿವೇಕದ ಮಾತಾಗಿತ್ತು. ಆದರೆ ಅದೇ ವರ್ಷ ಮುಗಿಯುವಷ್ಟರಲ್ಲಿ ಆ ಆದ್ಯತೆ ಬದಿಗೆ ಸರಿದು, ದೇಶದ ಬಂಡವಾಳದ ದೊಡ್ಡ ಪಾಲು ಯುದ್ಧದ ತಯಾರಿಯ ಕಡೆಗೆ ಹರಿಯತೊಡಗಿತು.

ಕಾರಣಗಳು ಕಲ್ಪಿತವಾಗಿರಲಿಲ್ಲ. ಏಪ್ರಿಲ್‌ನಲ್ಲಿ ಸೇನಾ ಮುಖ್ಯ ಕಚೇರಿಯಿಂದ ಬಂದ ಒಂದು ವರದಿ, ದೇಶದ ಕೈಗಾರಿಕೆಯೆಲ್ಲ ಕರಾವಳಿಯ ಮತ್ತು ಈಶಾನ್ಯದ ಕೆಲವೇ ಮಹಾನಗರಗಳಲ್ಲಿ ಗುಂಪುಗೂಡಿದೆ, ರೈಲು ಜಂಕ್ಷನ್‌ಗಳು ಮತ್ತು ಬಂದರುಗಳು ಆ ನಗರಗಳ ಮಗ್ಗುಲಲ್ಲೇ ಇವೆ, ದಾಳಿಯ ಸಂದರ್ಭದಲ್ಲಿ ದೊಡ್ಡ ಜಲಾಶಯಗಳ ನೀರನ್ನು ಬೇಗ ಖಾಲಿ ಮಾಡುವ ವ್ಯವಸ್ಥೆಯೂ ಸಾಲದು ಎಂದು ಹೇಳಿತು. ಆಗಸ್ಟ್ ತಿಂಗಳಲ್ಲಿ ತನ್ನ ಹಡಗುಗಳ ಮೇಲೆ ದಾಳಿಯಾಯಿತೆಂದು ಅಮೆರಿಕ ಹೇಳಿದ ಟೊಂಕಿನ್ ಕೊಲ್ಲಿಯ ಘಟನೆ ನಡೆದು ಅಮೆರಿಕದ ವಿಮಾನಗಳು ಉತ್ತರ ವಿಯೆಟ್ನಾಂ ಮೇಲೆ ಬಾಂಬ್ ಹಾಕಿದವು. ಉತ್ತರದ ಗಡಿಯಲ್ಲಿ, ನಿನ್ನೆಯವರೆಗೆ ಅಣ್ಣನಂತಿದ್ದ ಸೋವಿಯತ್ ಒಕ್ಕೂಟದ ಜತೆಗಿನ ನಂಟು ಮುರಿದಿತ್ತು. ಈ ಹಿನ್ನೆಲೆಯಲ್ಲಿ ಮಾವೋ ಒತ್ತಾಯಿಸಿ ಜಾರಿಗೆ ತಂದದ್ದೇ 'ಮೂರನೆಯ ಸಾಲು' ಎಂಬ ಮಹಾಯೋಜನೆ. ಕರಾವಳಿ ಮೊದಲ ಸಾಲು, ನಡುವಿನ ಪ್ರಾಂತ್ಯಗಳು ಎರಡನೆಯವು, ಒಳನಾಡಿನ ಬೆಟ್ಟಗುಡ್ಡಗಳು ಮೂರನೆಯವು. ಶತ್ರು ಮೊದಲೆರಡು ಸಾಲನ್ನು ಹಿಡಿದರೂ ಮೂರನೆಯದರಿಂದ ಯುದ್ಧ ಮುಂದುವರಿಯಬೇಕು ಎಂಬ ಲೆಕ್ಕಾಚಾರ.

ಸೇನೆಯ ಚಿಂತೆ ಸರ್ಕಾರದ ನೀತಿಯನ್ನು ಹೇಗೆ ತಿದ್ದುತ್ತದೆ ಎಂಬ ಪ್ರಶ್ನೆ ಬಂದಾಗ ನಾವು ಸಾಮಾನ್ಯವಾಗಿ ರಕ್ಷಣಾ ಬಜೆಟ್ಟಿನ ಅಂಕಿಗಳನ್ನು, ಕ್ಷಿಪಣಿಗಳನ್ನು, ಗಡಿಯ ಜಗಳಗಳನ್ನು ನೆನೆಯುತ್ತೇವೆ. ಕೆಲಸದ ನಿಮಿತ್ತ ತೈವಾನ್‌ನಲ್ಲಿ ಇದ್ದಾಗಿನಿಂದ ಈ ವಿಷಯವನ್ನು ಓದುತ್ತಾ, ಕೇಳುತ್ತಾ ಬಂದಿರುವ ನನ್ನ ಗಮನವೆಲ್ಲ ಹೋಗಿರುವುದು ಬೇರೆ ಕಡೆಗೆ. ತೈವಾನ್ ಜಲಸಂಧಿಯ ಎರಡೂ ದಡಗಳಲ್ಲಿ, ಮತ್ತು ದೂರದ ಸಿಂಗಪುರದಲ್ಲಿ, ಯುದ್ಧದ ಅಂಜಿಕೆ ಜನರ ಅಕ್ಕಿಯ ಬೆಲೆಯನ್ನು, ಮದುವೆಯ ವಯಸ್ಸನ್ನು, ಮಕ್ಕಳ ಸಂಖ್ಯೆಯನ್ನು, ಮನೆಯ ನೆಲಮಾಳಿಗೆಯನ್ನು ನಿರ್ಧರಿಸಿದೆ. ಅಂಜಿಕೆ ಕಡಿಮೆಯಾದ ಮೇಲೂ ಆ ನಿರ್ಧಾರಗಳು ಉಳಿದುಬಿಟ್ಟಿವೆ. ಅವುಗಳ ಬೆಲೆ ತೆತ್ತವರನ್ನು ಯಾರೂ ಮುಂಚಿತವಾಗಿ ಒಂದು ಮಾತು ಕೇಳಿರಲಿಲ್ಲ ಎಂಬುದೇ ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ಮೂರನೆಯ ಸಾಲಿನ ಕೇಂದ್ರಬಿಂದು ಸಿಚುವಾನ್ ಪ್ರಾಂತ್ಯದ ದಕ್ಷಿಣ ತುದಿಯ ಪಾಂಝಿಹುವಾ. ಜಿನ್‌ಶಾ ನದಿಯ ಕಡಿದಾದ ಕಣಿವೆಯಲ್ಲಿ ಕಬ್ಬಿಣ, ವನೇಡಿಯಂ ಮತ್ತು ಟೈಟಾನಿಯಂ ಬೆರೆತ ಅದಿರಿನ ದೊಡ್ಡ ನಿಕ್ಷೇಪವಿತ್ತು. ಅದನ್ನು ಬಿಟ್ಟರೆ ಹೆಚ್ಚಿನದೇನೂ ಇರಲಿಲ್ಲ. ಪಾಂಝಿಹುವಾದ ಉಕ್ಕಿನ ಕಾರ್ಖಾನೆ ಆಗದ ಹೊರತು ತನಗೆ ನಿದ್ದೆ ಬರದು, ದುಡ್ಡಿಲ್ಲವಾದರೆ ತನ್ನ ಪುಸ್ತಕಗಳ ಸಂಭಾವನೆಯನ್ನೇ ತೆಗೆದುಕೊಳ್ಳಿ ಎಂದು ಮಾವೋ ಹೇಳಿದ್ದಾಗಿ ಅಲ್ಲಿ ಈಗಲೂ ಪ್ರಚಲಿತವಿದೆ. 1965ರಲ್ಲಿ ದುಕೌ ಎಂಬ ಹೆಸರಿನಲ್ಲಿ ನಗರ ಸ್ಥಾಪನೆಯಾಯಿತು. ಪಾಂಝಿಹುವಾ ಎಂಬ ಹೆಸರು ಅದಕ್ಕೆ ಅಧಿಕೃತವಾಗಿ ಬಂದದ್ದು 1987ರಲ್ಲಿ. ಸಮತಟ್ಟಾದ ನೆಲವೇ ಇಲ್ಲದ ಕಡೆ, ಕೇವಲ ಎರಡೂವರೆ ಚದರ ಕಿಲೋಮೀಟರ್‌ನಷ್ಟು ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕುಲುಮೆಗಳನ್ನೂ ರೋಲಿಂಗ್ ಮಿಲ್‌ಗಳನ್ನೂ ಒಂದರ ಮೇಲೊಂದು ಪೇರಿಸಿದಂತೆ ಕಟ್ಟಿದರು. ಮೊದಲ ಕಬ್ಬಿಣ ಹರಿದದ್ದು 1970ರ ಜುಲೈ 1ರಂದು.

ಅದೇ ದಿನ ಚೆಂಗ್ಡು–ಕುನ್ಮಿಂಗ್ ರೈಲುಮಾರ್ಗವೂ ಪೂರ್ಣಗೊಂಡಿತೆಂದು ಘೋಷಿಸಲಾಯಿತು. ಸುಮಾರು 1,100 ಕಿಲೋಮೀಟರ್ ಉದ್ದದ ಈ ಮಾರ್ಗದ ಶೇ 40ರಷ್ಟು ಭಾಗ ಸುರಂಗದೊಳಗೆ ಅಥವಾ ಸೇತುವೆಯ ಮೇಲೆ ಸಾಗುತ್ತದೆ. ನಿಲ್ದಾಣಕ್ಕೆ ಬೇಕಾದಷ್ಟೂ ಜಾಗ ಸಿಗದೆ ನಲವತ್ತರಷ್ಟು ನಿಲ್ದಾಣಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಸುರಂಗದೊಳಗೆ ಇಲ್ಲವೇ ಸೇತುವೆಯ ಮೇಲೆಯೇ ಕಟ್ಟಬೇಕಾಯಿತು. ಸೇನೆಯ ರೈಲ್ವೆ ದಳದ ಸೈನಿಕರು ಮತ್ತು ಕಾರ್ಮಿಕರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಆ ಕೆಲಸದಲ್ಲಿ ಪ್ರಾಣ ಬಿಟ್ಟರು, ಅಂದರೆ ಕಿಲೋಮೀಟರಿಗೆ ಇಬ್ಬರಂತೆ. ಮಾರ್ಗದುದ್ದಕ್ಕೂ ಅವರ ಸಮಾಧಿಗಳಿವೆ. ಯುದ್ಧಕ್ಕಾಗಿ ಹಾಸಿದ ಆ ಹಳಿಗಳ ಮೇಲೆ ಇಂದಿಗೂ ಒಂದು ನಿಧಾನಗತಿಯ ರೈಲು ಓಡುತ್ತದೆ. ಲಿಯಾಂಗ್‌ಶಾನ್ ಬೆಟ್ಟಗಳ ಯೀ ಜನಾಂಗದ ರೈತರು ಹಂದಿ, ಕೋಳಿ, ತರಕಾರಿಗಳನ್ನು ಬೋಗಿಯೊಳಗೇ ಹೇರಿಕೊಂಡು ಸಂತೆಗೆ ಹೋಗುತ್ತಾರೆ. ಕನಿಷ್ಠ ಟಿಕೆಟ್ಟಿನ ಬೆಲೆ ಎರಡು ಯುವಾನ್. ಯಾವ ಸೇನಾಪತಿಯೂ ಆ ಸಂತೆಗಾಗಿ ಸುರಂಗ ಕೊರೆಸಿರಲಿಲ್ಲ. ಆದರೂ ಆ ಬೆಟ್ಟದ ಮಕ್ಕಳು ಶಾಲೆಗೆ ಹೋಗುವ ದಾರಿಯೂ ಅದೇ ಆಗಿದೆ ಎಂಬುದನ್ನು ಹೇಳದೆ ಬಿಡುವುದು ನ್ಯಾಯವಲ್ಲ.

1964ರಿಂದ 1980ರವರೆಗೆ ಹದಿಮೂರು ಪ್ರಾಂತ್ಯಗಳಲ್ಲಿ ಈ ಯೋಜನೆಗೆ ಸುರಿದ ಹಣ 205 ಶತಕೋಟಿ ಯುವಾನ್‌ಗೂ ಹೆಚ್ಚು. ಆ ಅವಧಿಯ ರಾಷ್ಟ್ರೀಯ ನಿರ್ಮಾಣ ಬಂಡವಾಳದ ಸುಮಾರು ಶೇ 40ರಷ್ಟು ಅದು. ಶಾಂಘೈ, ಶೆನ್ಯಾಂಗ್, ಆನ್‌ಶಾನ್‌ನಂಥ ನಗರಗಳಿಂದ ಲಕ್ಷಾಂತರ ಕಾರ್ಮಿಕರನ್ನು, ಎಂಜಿನಿಯರುಗಳನ್ನು ಕುಟುಂಬ ಸಮೇತ ಅಥವಾ ಕುಟುಂಬ ಬಿಡಿಸಿ ಕರೆತಂದರು. ಬೆಟ್ಟದ ಮರೆಯಲ್ಲಿರಬೇಕು, ಚದುರಿರಬೇಕು, ಗುಹೆಯೊಳಗೆ ಅಡಗಿರಬೇಕು ಎಂಬ ಮೂರು ಸೂತ್ರಗಳು ಸೇನೆಯ ದೃಷ್ಟಿಯಿಂದ ಸರಿಯಾಗಿಯೇ ಇದ್ದವು. ಕಾರ್ಖಾನೆ ನಡೆಸುವವನ ದೃಷ್ಟಿಯಿಂದ ಅವು ದಿನನಿತ್ಯದ ಸಂಕಟ. ಹುಬೇಯ್ ಪ್ರಾಂತ್ಯದ ಶಿಯಾನ್ ಎಂಬಲ್ಲಿ 1969ರಲ್ಲಿ ಲಾರಿ ತಯಾರಿಸುವ ಎರಡನೆಯ ಮೋಟಾರು ಕಾರ್ಖಾನೆಯನ್ನು ಕಟ್ಟತೊಡಗಿದಾಗ ಎಂಜಿನ್ನಿಗೊಂದು ಕಣಿವೆ, ಗೇರ್‌ಪೆಟ್ಟಿಗೆಗೆ ಮತ್ತೊಂದು ಕಣಿವೆ, ಜೋಡಣೆಗೆ ಮಗದೊಂದು ಕಣಿವೆ ಎಂಬಂತೆ ಹಂಚಿಬಿಟ್ಟರು. ಅರ್ಧ ತಯಾರಾದ ಬಿಡಿಭಾಗಗಳನ್ನು ಹೊತ್ತ ವಾಹನಗಳು ಆ ಕಣಿವೆಗಳ ನಡುವೆ ದಿನವಿಡೀ ಓಡಾಡಬೇಕಿತ್ತು. ಮುಂದೆ ಡಾಂಗ್‌ಫೆಂಗ್ ಎಂಬ ಹೆಸರಿನಿಂದ ಬೆಳೆದ ಆ ಸಂಸ್ಥೆ 2003ರಲ್ಲಿ ತನ್ನ ಮುಖ್ಯ ಕಚೇರಿಯನ್ನು ವುಹಾನ್‌ಗೆ ಒಯ್ದಿತು.

ಇನ್ನೂ ದಾರುಣವಾದ ಉದಾಹರಣೆ ಚಾಂಗ್‌ಚಿಂಗ್ ಬಳಿಯ ಫುಲಿಂಗ್‌ನಲ್ಲಿದೆ. ಅಣ್ವಸ್ತ್ರಕ್ಕೆ ಬೇಕಾದ ಪ್ಲುಟೋನಿಯಂ ತಯಾರಿಸಲೆಂದು ಇಡೀ ಒಂದು ಬೆಟ್ಟದ ಒಡಲನ್ನು ಬಗೆದು '816' ಎಂಬ ಸಂಖ್ಯೆಯ ಸ್ಥಾವರವನ್ನು ಕಟ್ಟಲು 1960ರ ದಶಕದ ಉತ್ತರಾರ್ಧದಲ್ಲಿ ಕೈಹಾಕಿದರು. ಅರವತ್ತು ಸಾವಿರದಷ್ಟು ಸೈನಿಕರು ಸರದಿಯ ಮೇಲೆ ದುಡಿದರು. ಎಲ್ಲಿದ್ದೇವೆ, ಏನು ಕಟ್ಟುತ್ತಿದ್ದೇವೆ ಎಂಬುದನ್ನು ಮನೆಗೆ ಬರೆಯುವಂತಿರಲಿಲ್ಲ. ಕೆಲಸ ಬಹುಪಾಲು ಮುಗಿದಿದ್ದಾಗ, 1984ರಲ್ಲಿ, ಇನ್ನು ಇದು ಬೇಡ ಎಂಬ ಆದೇಶ ಬಂತು. 2002ರಲ್ಲಿ ಅದರ ಗೋಪ್ಯತೆಯನ್ನು ತೆಗೆದುಹಾಕಿದರು, 2010ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದರು. ಒಂದು ಗ್ರಾಂ ಪ್ಲುಟೋನಿಯಮ್ಮೂ ಅಲ್ಲಿ ತಯಾರಾಗಲಿಲ್ಲ. ಆ ಬೆಟ್ಟದಲ್ಲಿ ಸತ್ತ ಯುವಕರ ತಾಯಂದಿರಿಗೆ ತಮ್ಮ ಮಕ್ಕಳು ಯಾವುದಕ್ಕಾಗಿ ಸತ್ತರೆಂಬ ಉತ್ತರ ಸಿಗಲು ದಶಕಗಳೇ ಬೇಕಾದವು. ಉತ್ತರ ಸಿಗುವ ಹೊತ್ತಿಗೆ ಅವರಲ್ಲಿ ಎಷ್ಟು ಜನ ಬದುಕಿದ್ದರೋ.

ಅಂದಹಾಗೆ, ಈ ಯೋಜನೆಯನ್ನು ಸಂಪೂರ್ಣ ವ್ಯರ್ಥವೆಂದು ತಳ್ಳಿಹಾಕುವವರ ಜತೆ ನನ್ನ ಸಹಮತವಿಲ್ಲ. ಒಳನಾಡಿಗೆ ರೈಲು, ವಿದ್ಯುತ್ತು, ತಾಂತ್ರಿಕ ಶಾಲೆಗಳು ಬಂದದ್ದು ಇದರಿಂದಲೇ. ಪಾಂಝಿಹುವಾ ಇಂದಿಗೂ ಉಕ್ಕು ಉತ್ಪಾದಿಸುತ್ತಿದೆ. 1969ರ ಮಾರ್ಚ್‌ನಲ್ಲಿ ಉಸ್ಸೂರಿ ನದಿಯ ಝೆನ್‌ಬಾವೋ ದ್ವೀಪದಲ್ಲಿ ಸೋವಿಯತ್ ಸೈನಿಕರ ಜತೆ ಗುಂಡಿನ ಕಾಳಗವೇ ನಡೆದದ್ದನ್ನು ನೆನೆದರೆ ಹೆದರಿಕೆಗೆ ಆಧಾರವಿರಲಿಲ್ಲ ಎನ್ನಲೂ ಆಗದು. ನನ್ನ ತಕರಾರು ಇರುವುದು ತೀರ್ಮಾನದ ಕ್ರಮದ ಬಗ್ಗೆ. ಊಟ ಬಟ್ಟೆಗೆ ಮೊದಲ ಸ್ಥಾನ ಕೊಟ್ಟ ಕರಡನ್ನು ಬದಿಗೆ ಸರಿಸಲು ಒಬ್ಬ ನಾಯಕನ ಒತ್ತಾಯವೇ ಸಾಕಾಯಿತು. ಯೋಜನಾ ಆಯೋಗ ಹಿಂದೆಮುಂದೆ ನೋಡುತ್ತಿದೆ ಎನ್ನಿಸಿದಾಗ ಅದರ ಕೆಲಸಕ್ಕೆ ಪರ್ಯಾಯವಾಗಿ ಒಂದು 'ಕಿರು ಯೋಜನಾ ಆಯೋಗ'ವೇ ಹುಟ್ಟಿಕೊಂಡಿತು, ಸೇನೆಯ ಹಿನ್ನೆಲೆಯಿಂದ ಬಂದು ದಾಚಿಂಗ್ ತೈಲಕ್ಷೇತ್ರವನ್ನು ಕಟ್ಟಿಸಿದ್ದ ಯೂ ಚಿಯೂಲಿ ಅದರ ನೇತೃತ್ವ ವಹಿಸಿದರು. ಕ್ಷಾಮದಿಂದ ಚೇತರಿಸಿಕೊಳ್ಳುತ್ತಿದ್ದ ಹಳ್ಳಿಯವನೊಬ್ಬ ಈ ಬದಲಾವಣೆಯ ಸುದ್ದಿಯನ್ನೂ ಕೇಳಿರಲಾರ. ಇಡೀ ಯೋಜನೆಯನ್ನು ವರ್ಷಗಟ್ಟಲೆ ಗುಟ್ಟಾಗಿ ಇಡಲಾಗಿತ್ತು.

ಜಲಸಂಧಿಯ ಈಚೆ ದಡಕ್ಕೆ ಬಂದರೆ, 1949ರಲ್ಲಿ ಚಿಯಾಂಗ್ ಕೈ ಶೇಕ್ ಅವರ ಕುವೊಮಿಂಟಾಂಗ್ ಪಕ್ಷದ ಸರ್ಕಾರ ಕಮ್ಯುನಿಸ್ಟರೆದುರು ಸೋತು ತೈವಾನ್‌ಗೆ ಬಂದಾಗ ಅದರೊಂದಿಗೆ ಹತ್ತು ಲಕ್ಷಕ್ಕೂ ಮಿಕ್ಕ ಜನ ಬಂದರು. ಅವರಲ್ಲಿ ಸೈನಿಕರೇ ಲಕ್ಷಗಟ್ಟಲೆ ಇದ್ದರು. ಇಷ್ಟು ಜನಕ್ಕೆ ಅಕ್ಕಿ ಹೊಂದಿಸುವುದೆಂದರೆ ಕೃಷಿ ನೀತಿಯೇ ರಕ್ಷಣಾ ನೀತಿಯಾದಂತೆ. ರೈತನಿಗೆ ಬೇಕಾದ ರಾಸಾಯನಿಕ ಗೊಬ್ಬರವನ್ನು ಸರ್ಕಾರವೊಂದೇ ಮಾರುತ್ತಿತ್ತು, ಮತ್ತು ಅದನ್ನು ಹಣಕ್ಕೆ ಮಾರದೆ ಭತ್ತಕ್ಕೆ ವಿನಿಮಯ ಮಾಡುತ್ತಿತ್ತು. ಆ ದರ ರೈತನಿಗೆ ನಷ್ಟದ್ದಾಗಿತ್ತು. ಭೂಕಂದಾಯವೂ ಭತ್ತದ ರೂಪದಲ್ಲೇ, ಅದರ ಮೇಲೆ ಕಡ್ಡಾಯ ಲೇವಿ ಬೇರೆ. ಹೀಗೆ ಸಂಗ್ರಹಿಸಿದ ಅಕ್ಕಿ ಸೈನಿಕರಿಗೆ, ಸರ್ಕಾರಿ ನೌಕರರಿಗೆ, ಅವರ ಕುಟುಂಬಗಳಿಗೆ ಪಡಿತರವಾಗಿ ಹೋಗುತ್ತಿತ್ತು. 1953ರ 'ಉಳುವವನಿಗೆ ಹೊಲ' ಕಾನೂನನ್ನು ಜಗತ್ತೇ ಹೊಗಳುತ್ತದೆ, ಹೊಗಳಬೇಕಾದದ್ದೇ. ಹೊಲ ಪಡೆದ ಅದೇ ರೈತನಿಂದ ಗೊಬ್ಬರದ ಹೆಸರಿನಲ್ಲಿ ಕಾಲು ಶತಮಾನ ಅಕ್ಕಿ ಹಿಂಡಿದ ವಿಷಯವನ್ನು ಹೇಳುವವರು ಕಡಿಮೆ. ಗೊಬ್ಬರ ವಿನಿಮಯ ನಿಂತದ್ದು 1973ರಲ್ಲಿ.

ಸೈನಿಕರ ಮದುವೆಯ ವಿಚಾರವನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು. ಇಂದಲ್ಲ ನಾಳೆ ಚೀನಾದ ನೆಲವನ್ನು ಮರಳಿ ಗೆಲ್ಲುತ್ತೇವೆ, ಅಲ್ಲಿಯವರೆಗೆ ಸೈನ್ಯ ಹಗುರವಾಗಿರಬೇಕು ಎಂಬ ಕಾರಣಕ್ಕೆ 1952ರಲ್ಲಿ ಹೊರಟ ಕಾನೂನು ಸಾಮಾನ್ಯ ಸಿಪಾಯಿಗಳಿಗೆ ಮದುವೆಯನ್ನೇ ನಿಷೇಧಿಸಿತು. ಅದರ ಜತೆಗೆ, ಗೆದ್ದ ಮೇಲೆ ನಿನಗೆ ಇಷ್ಟು ಹೊಲ ಕೊಡುತ್ತೇವೆ ಎಂದು ಬರೆದ ಪತ್ರಗಳನ್ನು ಸೈನಿಕರಿಗೆ ಹಂಚಿದರು. ಹೊಲ ಇದ್ದದ್ದು ಸಮುದ್ರದಾಚೆ, ಶತ್ರುವಿನ ವಶದಲ್ಲಿ. ನಿಷೇಧ ಸಡಿಲವಾಗುವಷ್ಟರಲ್ಲಿ ಎಷ್ಟೋ ಸಿಪಾಯಿಗಳಿಗೆ ವಯಸ್ಸು ಮೀರಿತ್ತು, ಕೈಯಲ್ಲಿ ಕಾಸಿರಲಿಲ್ಲ, ಊರಿನ ಭಾಷೆ ಬರುತ್ತಿರಲಿಲ್ಲ. ಸಾವಿರಾರು ಜನ ಒಂಟಿಯಾಗಿಯೇ ಮುದುಕರಾದರು. ಸೇನೆಯಿಂದ ಬಿಡುಗಡೆಯಾದವರನ್ನು 1956ರಿಂದ 1960ರವರೆಗೆ ತರೋಕೊ ಕಮರಿಯ ಅಮೃತಶಿಲೆಯ ಬಂಡೆಗಳನ್ನು ಕಡಿದು ದ್ವೀಪವನ್ನು ಅಡ್ಡಲಾಗಿ ದಾಟುವ ಹೆದ್ದಾರಿ ನಿರ್ಮಿಸಲು ಹಚ್ಚಿದರು. ಇನ್ನೂರಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ಪ್ರವಾಸಿಗರು ಫೋಟೊ ತೆಗೆಯುವ ಚಾಂಗ್‌ಚುನ್ ಗುಡಿ ಅವರ ನೆನಪಿನದು. ಆ ಜಮೀನಿನ ಪತ್ರಗಳಿಗೆ 1990ರ ದಶಕದಲ್ಲಿ ಸರ್ಕಾರ ನಗದು ಪರಿಹಾರ ಕೊಟ್ಟು ಲೆಕ್ಕ ಚುಕ್ತಾ ಮಾಡಿತು.

ಇದೇ ಹೊತ್ತಿನಲ್ಲಿ ಆಚೆ ದಡದ ಸರ್ಕಾರ ಇದಕ್ಕೆ ತೀರಾ ವಿರುದ್ಧವಾದದ್ದನ್ನು ಮಾಡುತ್ತಿತ್ತು. ಶಿನ್‌ಜಿಯಾಂಗ್‌ನ ಮರುಭೂಮಿಯಂಚಿನಲ್ಲಿ ಸೈನಿಕರನ್ನೇ ರೈತರನ್ನಾಗಿಸಿ ನೆಲೆಗೊಳಿಸಬೇಕಿತ್ತು. ಗಡಿಯಲ್ಲಿ ಸೈನಿಕರಿಂದ ಬೇಸಾಯ ಮಾಡಿಸುವ ಪದ್ಧತಿ ಹಾನ್ ಅರಸರ ಕಾಲದಿಂದಲೂ ಚೀನಾದಲ್ಲಿ ಇತ್ತು. ಹೆಣ್ಣುಗಳಿಲ್ಲದೆ ಸೈನಿಕರು ಅಲ್ಲಿ ನಿಲ್ಲಲಾರರೆಂದು ಜನರಲ್ ವಾಂಗ್ ಝೆನ್ 1950ರಿಂದ 1952ರ ನಡುವೆ ಹುನಾನ್ ಪ್ರಾಂತ್ಯದಿಂದ ಸಾವಿರಾರು ತರುಣಿಯರನ್ನು ಸೇರಿಸಿಕೊಂಡು ಬಂದರು. ಓದು, ಕಾರ್ಖಾನೆಯ ಕೆಲಸ, ಟ್ರ್ಯಾಕ್ಟರ್ ಓಡಿಸುವ ಅವಕಾಶ ಎಂದು ನಂಬಿ ಹೊರಟ ಹುಡುಗಿಯರಲ್ಲಿ ಅನೇಕರಿಗೆ ತಮಗಿಂತ ಬಹಳ ದೊಡ್ಡ ವಯಸ್ಸಿನ ಸೈನ್ಯಾಧಿಕಾರಿಗಳ ಜತೆ ಮದುವೆ ನಿಶ್ಚಯವಾಯಿತು. ಒಂದು ದಡದಲ್ಲಿ ಮದುವೆಗೆ ತಡೆ, ಇನ್ನೊಂದು ದಡದಲ್ಲಿ ಮದುವೆಯ ಏರ್ಪಾಡು. ಎರಡನ್ನೂ ಮಾಡಿದ್ದು ಸೇನೆಯ ಅಗತ್ಯವೇ. 1954ರಲ್ಲಿ ವಿಧಿವತ್ತಾಗಿ ಸ್ಥಾಪನೆಯಾದ ಶಿನ್‌ಜಿಯಾಂಗ್ ಉತ್ಪಾದನಾ ಮತ್ತು ನಿರ್ಮಾಣ ದಳ ಇಂದಿಗೂ ಇದೆ. ಅದಕ್ಕೆ ತನ್ನದೇ ನಗರಗಳು, ನ್ಯಾಯಾಲಯಗಳು, ವಿಶ್ವವಿದ್ಯಾಲಯ, ಹತ್ತಿಯ ಹೊಲಗಳು ಇವೆ. ಅದು ಏಕಕಾಲಕ್ಕೆ ಸೇನೆಯೂ ಹೌದು, ಸರ್ಕಾರವೂ ಹೌದು, ವ್ಯಾಪಾರ ಸಂಸ್ಥೆಯೂ ಹೌದು. ಭದ್ರತೆಯ ಹೆಸರಿನಲ್ಲಿ 2017ರಿಂದ ಉಯಿಘರ್ ಮುಸ್ಲಿಮರನ್ನು ಭಾರೀ ಸಂಖ್ಯೆಯಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದ ನೀತಿಯ ಹಿಂದೆ, ಆ ನೆಲವನ್ನು ಮೊದಲು ಗಡಿ ಠಾಣೆಯಾಗಿ, ಆಮೇಲಷ್ಟೇ ಜನರ ಊರಾಗಿ ನೋಡುವ ಈ ಹಳೆಯ ಅಭ್ಯಾಸ ಕೆಲಸ ಮಾಡಿದೆ ಎಂದೇ ನಾನು ತಿಳಿದಿದ್ದೇನೆ.

ಮಕ್ಕಳ ಸಂಖ್ಯೆಯೂ ಸೇನೆಯ ಪ್ರಶ್ನೆಯೇ ಆಯಿತು. 1950ರ ದಶಕದ ತೈವಾನ್‌ನಲ್ಲಿ ಮನೆಗೆ ಐದಾರು ಮಕ್ಕಳು ಸಾಮಾನ್ಯವಾಗಿದ್ದವು. ಕುಟುಂಬ ಯೋಜನೆಯ ಮಾತೆತ್ತಿದರೆ, ನಾಳೆ ಚೀನಾವನ್ನು ಗೆಲ್ಲಲು ಬೇಕಾದ ಸೈನಿಕರನ್ನು ಕಡಿಮೆ ಮಾಡುವ ಸಂಚು ಎಂದು ಆಳುವ ಪಕ್ಷದ ಹಿರಿಯರು ಹರಿಹಾಯುತ್ತಿದ್ದರು. ಗ್ರಾಮೀಣ ಪುನರ್‌ನಿರ್ಮಾಣ ಆಯೋಗದ ಮುಖ್ಯಸ್ಥರಾಗಿದ್ದ ಚಿಯಾಂಗ್ ಮೊನ್‌ಲಿನ್ 1959ರಲ್ಲಿ ಬಹಿರಂಗವಾಗಿ ಸಂತಾನ ನಿಯಂತ್ರಣದ ಪರ ನಿಂತಾಗ, ತಲೆ ಹೋದರೂ ಈ ಮಾತನ್ನು ಬಿಡುವುದಿಲ್ಲ ಎನ್ನಬೇಕಾಯಿತು. ಸರ್ಕಾರ ಅದನ್ನು ಅಧಿಕೃತ ನೀತಿಯೆಂದು ಒಪ್ಪಿಕೊಂಡದ್ದು 1968ರಲ್ಲಿ.

ಇದೆಲ್ಲವೂ ಸಾಂದ್ರವಾಗಿ ಒಂದೇ ಕಡೆ ಕಾಣಬೇಕೆಂದರೆ ಕಿನ್ಮೆನ್ ದ್ವೀಪಕ್ಕೆ ಹೋಗಬೇಕು. ತೈಪೆಯಿಂದ ವಿಮಾನದಲ್ಲಿ ಒಂದು ತಾಸಿನ ದಾರಿ. ಆದರೆ ಚೀನಾದ ಕೈಯಲ್ಲಿರುವ ಅತಿ ಹತ್ತಿರದ ನೆಲ ಅಲ್ಲಿಂದ ಎರಡು ಕಿಲೋಮೀಟರ್ ಆಸುಪಾಸಿನಲ್ಲೇ ಇದೆ. ಶಿಯಾಮೆನ್ ನಗರದ ಗಗನಚುಂಬಿ ಕಟ್ಟಡಗಳು ಬರಿಗಣ್ಣಿಗೆ ಕಾಣುತ್ತವೆ. 1949ರ ಅಕ್ಟೋಬರ್‌ನಲ್ಲಿ ಗುನಿಂಗ್‌ತೌ ಎಂಬಲ್ಲಿ ನಡೆದ ಕಾಳಗದಲ್ಲಿ ಕಮ್ಯುನಿಸ್ಟ್ ಸೇನೆ ಸೋತದ್ದರಿಂದ ಈ ದ್ವೀಪ ತೈಪೆಯ ಬಳಿಯೇ ಉಳಿಯಿತು. 1958ರ ಆಗಸ್ಟ್ 23ರಂದು ಶುರುವಾದ ಶೆಲ್ ದಾಳಿಯಲ್ಲಿ 44 ದಿನಗಳಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಶೆಲ್‌ಗಳು ಬಿದ್ದವು. ಅನಂತರ ದಿನ ಬಿಟ್ಟು ದಿನ, ಬೆಸ ತಾರೀಖುಗಳಂದು ಮಾತ್ರ ಶೆಲ್ ಹಾರಿಸುವ ವಿಚಿತ್ರ ಪದ್ಧತಿ ಜಾರಿಗೆ ಬಂದು, 1979ರ ಜನವರಿ 1ರವರೆಗೆ ಇಪ್ಪತ್ತು ವರ್ಷ ನಡೆಯಿತು.

1956ರಿಂದ 1992ರ ನವೆಂಬರ್ 7ರವರೆಗೆ ಇಲ್ಲಿ 'ಯುದ್ಧರಂಗದ ಆಡಳಿತ' ಇತ್ತು. ಸೇನಾಪತಿಯೇ ಜಿಲ್ಲಾಡಳಿತದ ಒಡೆಯ. ದ್ವೀಪದಲ್ಲಿ ಮಾತ್ರ ಚಲಾವಣೆಯಾಗುವಂತೆ ಮುದ್ರೆ ಒತ್ತಿದ ಪ್ರತ್ಯೇಕ ನೋಟುಗಳಿದ್ದವು. ತೈವಾನ್‌ಗೆ ಹೋಗಿಬರಲು ಪರವಾನಗಿ ಬೇಕಿತ್ತು. ಕತ್ತಲಾದ ಮೇಲೆ ಬೆಳಕು ಹೊರಗೆ ಕಾಣದಂತೆ ಕಿಟಕಿ ಮುಚ್ಚಬೇಕಿತ್ತು. ರೇಡಿಯೊ ಇಟ್ಟುಕೊಳ್ಳುವುದಕ್ಕೂ ನಿರ್ಬಂಧ. ಬ್ಯಾಸ್ಕೆಟ್‌ಬಾಲ್‌ಗಳ ಮೇಲೂ ಹತೋಟಿ ಇತ್ತು, ಏಕೆಂದರೆ ಅವನ್ನು ಕಟ್ಟಿಕೊಂಡು ಯಾರಾದರೂ ಈಜಿ ಆಚೆ ದಡ ಸೇರಬಹುದೆಂಬ ಸಂಶಯ. ಪ್ಲೇಗ್ ತಡೆಯಲೆಂದು ಮನೆಮನೆಯೂ ಇಲಿಯ ಬಾಲಗಳನ್ನು ತಂದೊಪ್ಪಿಸಬೇಕಿತ್ತು. ಗಟ್ಟಿಮುಟ್ಟಾದ ಗಂಡಸರೂ ಹೆಂಗಸರೂ ಸಂಬಳವಿಲ್ಲದ ನಾಗರಿಕ ಸೇನೆಯಲ್ಲಿ ಕವಾಯತು ಮಾಡಬೇಕಿತ್ತು. ಸೈನಿಕರಿಗಾಗಿ ಸೇನೆಯೇ ವೇಶ್ಯಾಗೃಹಗಳನ್ನು ನಡೆಸುತ್ತಿತ್ತು. ಅವು ಮುಚ್ಚಿದ್ದು 1990ರಲ್ಲಿ. ಈಗ ಅಂಥ ಒಂದು ಕಟ್ಟಡ ಪ್ರದರ್ಶನಾಲಯವಾಗಿದೆ, ಆದರೆ ಅಲ್ಲಿದ್ದ ಹೆಣ್ಣುಮಕ್ಕಳ ಬದುಕನ್ನು ಆ ಫಲಕಗಳು ಇನ್ನಷ್ಟು ನೇರವಾಗಿ ಹೇಳಬೇಕಿತ್ತು ಎಂದು ನನಗೆ ಅನ್ನಿಸಿತು.

ನಾನು ತಂಗಿದ್ದ ಹಳ್ಳಿಮನೆಯ ಅಜ್ಜಿ ಹೊಕ್ಕಿಯೆನ್ ಭಾಷೆಯಲ್ಲಿ ಹೇಳಿದ್ದನ್ನು ಮೊಮ್ಮಗ ತಿಳಿಸಿಕೊಟ್ಟ. ಬೆಸ ತಾರೀಖಿನ ಸಂಜೆ ಬೇಗ ಒಲೆ ಆರಿಸಿ, ಮಕ್ಕಳಿಗೆ ಉಣಿಸಿ, ಪಾತ್ರೆಯನ್ನೂ ತೊಳೆಯದೆ ಮನೆಯ ಹಿಂದಿನ ನೆಲಗುಂಡಿಗೆ ಇಳಿಯುತ್ತಿದ್ದರಂತೆ. ಆ ಕಾಲಕ್ಕೆ ಬಹುಪಾಲು ಶೆಲ್‌ಗಳಲ್ಲಿ ಸಿಡಿಮದ್ದಿನ ಬದಲು ಪ್ರಚಾರದ ಕರಪತ್ರಗಳಿರುತ್ತಿದ್ದವು. ಆದರೂ ಉಕ್ಕಿನ ಕವಚ ಮಾಡಿನ ಮೇಲೆ ಬಿದ್ದರೆ ಸಾವೇ. ಆ ಗುಂಡಿ ಈಗಲೂ ಇದೆ. ಇಳಿಯಲು ಐದಾರು ಮೆಟ್ಟಿಲು, ಒಳಗೆ ಬಗ್ಗಿ ಕೂರುವಷ್ಟು ಎತ್ತರ, ಗೋಡೆಗೆ ತಾಗಿದ ಒಂದು ಕಲ್ಲಿನ ಕಟ್ಟೆ. ಈಗ ಅಲ್ಲಿ ಉಪ್ಪಿನಕಾಯಿಯ ಜಾಡಿಗಳನ್ನು ಇಟ್ಟಿದ್ದಾರೆ. ಹಳ್ಳಿಯ ಕಮ್ಮಾರರು ಹೊಲಗಳಲ್ಲಿ ಸಿಕ್ಕ ಶೆಲ್ ಕವಚಗಳನ್ನು ಕಾಯಿಸಿ ಬಡಿದು ಅಡುಗೆಯ ಚಾಕು ಮಾಡುತ್ತಾರೆ. ಒಂದೊಂದು ಕವಚದಿಂದ ಹತ್ತಾರು ಚಾಕುಗಳು. ಅಜ್ಜಿಯ ಅಡುಗೆಮನೆಯಲ್ಲಿ ಎಲೆಕೋಸು ಹೆಚ್ಚುತ್ತಿದ್ದದ್ದೂ ಅಂಥದ್ದೇ ಒಂದು ಅಗಲವಾದ ಚಾಕು.

ಕಿನ್ಮೆನ್‌ನ ಇಂದಿನ ಸಂಪತ್ತಿನ ಮೂಲವೂ ಸೇನೆಯೇ. 1950ರ ದಶಕದ ಆರಂಭದಲ್ಲಿ ದ್ವೀಪದ ಸೇನಾಪತಿಯಾಗಿದ್ದ ಹೂ ಲಿಯೆನ್, ಸೈನಿಕರ ಮದ್ಯಕ್ಕಾಗಿ ಹಣ ಹೊರಗೆ ಹೋಗುತ್ತಿರುವುದನ್ನು ಕಂಡು ಅಲ್ಲೇ ಭಟ್ಟಿ ಹಾಕಿಸಿದರು. ಮಳೆ ಕಡಿಮೆಯಿರುವ ಆ ಮರಳುನೆಲದಲ್ಲಿ ಜೋಳ ಚೆನ್ನಾಗಿ ಬರುತ್ತದೆ. ಒಂದು ತೂಕ ಜೋಳ ತಂದರೆ ಅಷ್ಟೇ ತೂಕ ಅಕ್ಕಿ ಕೊಡುತ್ತೇವೆ ಎಂದದ್ದೇ ತಡ, ರೈತರು ಜೋಳ ಬೆಳೆದರು. ಆ ಭಟ್ಟಿ ಈಗ ಜಿಲ್ಲಾ ಸರ್ಕಾರದ ಒಡೆತನದಲ್ಲಿದೆ, ಅದರ ಲಾಭದಿಂದ ಊರಿನವರಿಗೆ ಅನೇಕ ಸವಲತ್ತುಗಳು ಸಿಗುತ್ತವೆ. ಇನ್ನೊಂದು ಸಂಗತಿ: ಸದಾ ನೀರಿನ ಬರ ಇರುವ ಈ ದ್ವೀಪಕ್ಕೆ 2018ರ ಆಗಸ್ಟ್‌ನಿಂದ ಫುಜಿಯಾನ್ ಪ್ರಾಂತ್ಯದಿಂದ ಸಮುದ್ರದಡಿಯ ಕೊಳವೆಯಲ್ಲಿ ಕುಡಿಯುವ ನೀರು ಬರುತ್ತಿದೆ. ಇದು ಅಪಾಯವೆಂದು ತೈಪೆಯ ಭದ್ರತಾ ತಜ್ಞರು ಹೇಳುತ್ತಾರೆ. ನಲ್ಲಿಯಲ್ಲಿ ನೀರು ಬಂದರೆ ಸಾಕೆಂದು ಕಿನ್ಮೆನ್‌ನವರು ಹೇಳುತ್ತಾರೆ. ಮೂವತ್ತಾರು ವರ್ಷ ಯುದ್ಧರಂಗದ ಆಡಳಿತವನ್ನು ಉಂಡವರ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಚೀನಾದ ನಗರಗಳಲ್ಲಿ ಯುದ್ಧ ಉಳಿದಿರುವುದು ನೆಲದ ಕೆಳಗೆ. ಬೀಜಿಂಗ್‌ನ ಮೊದಲ ಮೆಟ್ರೊ ಮಾರ್ಗವನ್ನು 1965ರಲ್ಲಿ ಸೇನೆ ಅಗೆಯತೊಡಗಿದ್ದು ಯುದ್ಧಕಾಲದ ರಕ್ಷಣೆಯನ್ನು ಮುಖ್ಯವಾಗಿಟ್ಟುಕೊಂಡು. 1969ರಲ್ಲಿ ಅದು ಸಿದ್ಧವಾದರೂ 1971ರವರೆಗೆ ಸಾಮಾನ್ಯ ಜನಕ್ಕೆ ತೆರೆದಿರಲಿಲ್ಲ, ತೆರೆದಾಗಲೂ ಕೆಲಸದ ಕಚೇರಿಯ ಪರಿಚಯಪತ್ರ ತೋರಿಸಬೇಕಿತ್ತು. 1997ರಿಂದ ಜಾರಿಯಲ್ಲಿರುವ ನಾಗರಿಕ ವಾಯುರಕ್ಷಣಾ ಕಾನೂನಿನ ಪ್ರಕಾರ ನಗರಗಳ ಹೊಸ ಕಟ್ಟಡಗಳು ಬಾಂಬ್ ದಾಳಿಯಲ್ಲಿ ಆಶ್ರಯವಾಗಬಲ್ಲ ನೆಲಮಾಳಿಗೆಯನ್ನು ಹೊಂದಿರಬೇಕು, ಇಲ್ಲವೇ ಅದರ ಬದಲು ಶುಲ್ಕ ಕಟ್ಟಬೇಕು. ಶಾಂತಿಕಾಲದಲ್ಲಿ ಅವನ್ನು ಬಳಸಿಕೊಳ್ಳಬಹುದಾದ್ದರಿಂದ ಬೀಜಿಂಗ್‌ನಲ್ಲಿ ಹಳ್ಳಿಯಿಂದ ದುಡಿಯಲು ಬಂದ ಲಕ್ಷಾಂತರ ಜನ ಕಿಟಕಿಯಿಲ್ಲದ ಆ ಕೋಣೆಗಳನ್ನು ಬಾಡಿಗೆಗೆ ಹಿಡಿದು ವರ್ಷಗಟ್ಟಲೆ ಬದುಕಿದರು. ಆಮೇಲೆ ನಗರಾಡಳಿತ ಅವರನ್ನು ಅಲ್ಲಿಂದಲೂ ಏಳಿಸಿತು.

ಮುಕ್ಕಾಲು ಪಾಲು ಚೀನೀ ಮೂಲದವರಿರುವ ಸಿಂಗಪುರದ್ದು ಬೇರೆಯ ಕಥೆ, ಅದನ್ನು ಇಲ್ಲಿ ಸಂಕ್ಷೇಪವಾಗಿ ಮುಟ್ಟುತ್ತೇನೆ. 1967ರಲ್ಲಿ ಬಂದ ಕಡ್ಡಾಯ ಸೇನಾಸೇವೆಗೆ ತರಬೇತಿ ಕೊಟ್ಟವರು ಇಸ್ರೇಲಿಗರು. 1975ರಿಂದ ಆ ಸೈನಿಕರು ಅಭ್ಯಾಸಕ್ಕೆ ಹೋಗುತ್ತಿರುವುದು ತೈವಾನ್‌ಗೆ. ಮೊದಲ ವರ್ಷಗಳಲ್ಲಿ ಮಲಯ ಯುವಕರಲ್ಲಿ ಬಹಳ ಮಂದಿಯನ್ನು ಕರೆಯಲೇ ಇಲ್ಲ ಎಂಬ ಗಾಯ ಅಲ್ಲಿ ಇನ್ನೂ ಪೂರ್ತಿ ಮಾಗಿಲ್ಲ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಇದು ಮನೆಯ ಮಾತು, ಏಕೆಂದರೆ ಕಾಯಂ ನಿವಾಸಿಗಳ ಗಂಡುಮಕ್ಕಳೂ ಎರಡು ವರ್ಷ ಸೇವೆ ಸಲ್ಲಿಸಬೇಕು. ನನ್ನ ಅಕ್ಕನ ಮಗ ಆ ಎರಡು ವರ್ಷ ಮುಗಿಸಿಯೇ ಕಾಲೇಜಿಗೆ ಸೇರಿದ್ದು. ಅವರ ಫ್ಲ್ಯಾಟ್‌ನಲ್ಲಿ ದಪ್ಪ ಕಾಂಕ್ರೀಟ್ ಗೋಡೆಯ, ಉಕ್ಕಿನ ಬಾಗಿಲಿನ ಪುಟ್ಟ ಕೋಣೆಯೊಂದಿದೆ. 1990ರ ದಶಕದ ಕೊನೆಯಿಂದ ಕಟ್ಟಿದ ಸರ್ಕಾರಿ ವಸತಿಗಳಲ್ಲೆಲ್ಲ ಇಂಥ ಆಶ್ರಯಕೋಣೆ ಕಡ್ಡಾಯ. ಅಕ್ಕ ಅದರಲ್ಲಿ ಅಕ್ಕಿ ಚೀಲ, ಸೂಟ್‌ಕೇಸುಗಳು, ಗಣೇಶನ ಹಬ್ಬದ ಮಂಟಪ ಇಟ್ಟಿದ್ದಾಳೆ.

ಅಂಜಿಕೆ ನಿಜವಾಗಿದ್ದಾಗಲೂ ಅದನ್ನು ಪ್ರಶ್ನಿಸುವ ಹಕ್ಕು ಜನರಿಗೆ ಇದೆಯೇ ಎಂಬಲ್ಲಿ ಈ ಸಮಾಜಗಳ ದಾರಿ ಕವಲೊಡೆಯುತ್ತದೆ. ಚೀನಾದಲ್ಲಿ ಸೇನೆ ಇರುವುದು ಪಕ್ಷದ ಅಧೀನದಲ್ಲಿ. ದೇಶದ ಅಧ್ಯಕ್ಷರೂ ಅಲ್ಲದ, ಪಕ್ಷದ ಪ್ರಧಾನ ಕಾರ್ಯದರ್ಶಿಯೂ ಅಲ್ಲದ ಡೆಂಗ್ ಶಿಯಾವೊಪಿಂಗ್ 1980ರ ದಶಕವಿಡೀ ಅಧಿಕಾರದ ಸೂತ್ರ ಹಿಡಿದಿದ್ದರೆ, ಅವರು ಬಿಟ್ಟುಕೊಡದಿದ್ದ ಕುರ್ಚಿ ಕೇಂದ್ರ ಸೇನಾ ಆಯೋಗದ ಅಧ್ಯಕ್ಷತೆ. ತೈವಾನ್‌ನಲ್ಲಿ 38 ವರ್ಷಗಳ ಸೇನಾ ಕಾನೂನು 1987ರ ಜುಲೈ 15ರಂದು ತೆರವಾಯಿತು, ಮತ್ತು ಅದರ ಫಲ ಏನೆಂಬುದು 2013ರಲ್ಲಿ ಕಂಡಿತು. ಸೇವಾವಧಿ ಮುಗಿಯಲು ಕೆಲವೇ ದಿನಗಳಿದ್ದಾಗ ಯುವ ಕಾರ್ಪೊರಲ್ ಒಬ್ಬ ಶಿಕ್ಷೆಯ ಕವಾಯತಿನಿಂದ ಬಳಲಿ ಸತ್ತ. ಆಗಸ್ಟ್ 3ರಂದು ತೈಪೆಯಲ್ಲಿ ಬಿಳಿ ಅಂಗಿ ತೊಟ್ಟ ಭಾರೀ ಜನಸ್ತೋಮ ಬೀದಿಗಿಳಿಯಿತು. ಮೂರೇ ದಿನಗಳಲ್ಲಿ ಸಂಸತ್ತು ಕಾನೂನು ತಿದ್ದಿ, ಶಾಂತಿಕಾಲದಲ್ಲಿ ಸೈನಿಕರ ಅಪರಾಧಗಳ ವಿಚಾರಣೆಯನ್ನು ಸೇನಾ ನ್ಯಾಯಾಲಯಗಳಿಂದ ನಾಗರಿಕ ನ್ಯಾಯಾಲಯಗಳಿಗೆ ವರ್ಗಾಯಿಸಲು ತೀರ್ಮಾನಿಸಿತು. ಮಗನನ್ನು ಕಳೆದುಕೊಂಡ ಕುಟುಂಬ ಬೀದಿಯಲ್ಲಿ ನಿಂತು ಸೇನೆಯಿಂದ ಉತ್ತರ ಕೇಳುವುದು 816ರ ಬೆಟ್ಟದಲ್ಲಿ ದುಡಿದವರ ಮನೆಯವರಿಗೆ ಊಹೆಗೂ ನಿಲುಕದ್ದಾಗಿತ್ತು.

ಈಗ ಅದೇ ತೈವಾನ್ ಮತ್ತೆ ಸೇನೆಯ ಲೆಕ್ಕ ಹಾಕುತ್ತಿದೆ. ನಾಲ್ಕು ತಿಂಗಳಿಗೆ ಇಳಿದಿದ್ದ ಕಡ್ಡಾಯ ಸೇವೆ 2005ರಿಂದ ಈಚೆಗೆ ಹುಟ್ಟಿದ ಗಂಡುಮಕ್ಕಳಿಗೆ 2024ರ ಜನವರಿಯಿಂದ ಒಂದು ವರ್ಷವಾಗಿದೆ. ಒಂದು ಕಾಲಕ್ಕೆ ಸೈನಿಕರು ಕಡಿಮೆಯಾದಾರೆಂದು ಕುಟುಂಬ ಯೋಜನೆಯನ್ನು ತಡೆದ ನಾಡಿನಲ್ಲಿ ಇಂದು ಹೆಣ್ಣೊಬ್ಬಳಿಗೆ ಸರಾಸರಿ ಒಂದು ಮಗುವೂ ಇಲ್ಲ, ಆದ್ದರಿಂದ ವರ್ಷ ವರ್ಷಕ್ಕೂ ಕರೆಗೆ ಸಿಗುವ ಯುವಕರು ಕಡಿಮೆಯಾಗುತ್ತಿದ್ದಾರೆ. ಈ ಬಾರಿ ಸರ್ಕಾರ ಜನರ ಮುಂದೆ ಲೆಕ್ಕ ಒಪ್ಪಿಸಿ, ವಾದಿಸಿ, ರಿಯಾಯಿತಿ ಕೊಟ್ಟು ಒಪ್ಪಿಸಬೇಕಾಯಿತು. ಸಿಪಾಯಿಯ ತಿಂಗಳ ಸಂಬಳ 26,307 ತೈವಾನ್ ಡಾಲರಿಗೆ ಏರಿತು. ಮೂರು ವರ್ಷದಲ್ಲಿ ಪದವಿ ಮುಗಿಸಿ ನಾಲ್ಕನೆಯ ವರ್ಷ ಸೇನೆಗೆ ಹೋಗುವ ಏರ್ಪಾಡನ್ನು ವಿಶ್ವವಿದ್ಯಾಲಯಗಳು ಮಾಡಿಕೊಟ್ಟಿವೆ. ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಈ ವರ್ಷ ಊಟದ ಹೊತ್ತಿನ ಮಾತೆಲ್ಲ ಅದೇ: ಮಗ ಬೇಸಿಗೆ ರಜೆಯಲ್ಲೂ ತರಗತಿಗೆ ಹೋಗಿ ಮೂರೇ ವರ್ಷಕ್ಕೆ ಓದು ಮುಗಿಸುವುದೋ, ಅಥವಾ ಎಲ್ಲರಂತೆ ನಾಲ್ಕು ವರ್ಷ ಓದಿ ಆಮೇಲೆ ಹೋಗುವುದೋ. ತಾಯಿಗೆ ಮೊದಲನೆಯದು ಇಷ್ಟ, ತಂದೆಗೆ ಎರಡನೆಯದು. ಮಗ ಇನ್ನೂ ಅರ್ಜಿ ತುಂಬಿಲ್ಲ.